ಬಿಡುವಿನ ವೇಳೆಯ ಕೋಡ್ ಯಾರದು?

ತಂತ್ರಜ್ಞಾನವನ್ನು ಮನಸಾರೆ ಪ್ರೀತಿಸುವವರಿಂದ ಮೂರು ಮಾತುಗಳನ್ನು ಮತ್ತೆ ಮತ್ತೆ ಕೇಳುತ್ತೇನೆ. ಕೆಲಸ ಗೊತ್ತಿದ್ದರೆ ಸಾಕು, ಪದವಿ ಏಕೆ? ಎಲ್ಲಿ ಕುಳಿತಾದರೂ ಕೋಡ್ ಬರೆಯಬಹುದು, ಕಚೇರಿ ಏಕೆ? ನನ್ನ ಯಂತ್ರದಲ್ಲಿ ಏನು ಓಡಬೇಕೆಂಬುದನ್ನು ನಾನೇ ತೀರ್ಮಾನಿಸಬೇಕು. ಪ್ರೋಗ್ರಾಮರ್‌ಗಳನ್ನು ಸಂದರ್ಶಿಸುವುದು, ಹೊಸಬರನ್ನು ಪಳಗಿಸುವುದು ನನ್ನ ವೃತ್ತಿ. ಈ ಮೂರು ಮಾತುಗಳ ಹಿಂದಿರುವ ಆಸೆ ನನ್ನದೂ ಹೌದು. ಆದರೆ ಇಷ್ಟು ಬಿಸಿಯಾಗಿ ವಾದಿಸುವವರಲ್ಲಿ ಬಹಳ ಮಂದಿ ತಮ್ಮ ನೇಮಕಾತಿ ಪತ್ರದ ಒಂದು ಷರತ್ತನ್ನು ಓದಿಯೇ ಇರುವುದಿಲ್ಲ. ಸ್ವಾತಂತ್ರ್ಯದ ಅಳತೆ ಮೊದಲು ಆಗುವುದು ಅಲ್ಲಿ.

ಬೌದ್ಧಿಕ ಸ್ವತ್ತಿನ ಆ ಷರತ್ತು ಸಾಮಾನ್ಯವಾಗಿ ಹೀಗಿರುತ್ತದೆ: ಉದ್ಯೋಗದ ಅವಧಿಯಲ್ಲಿ ಉದ್ಯೋಗಿ ರಚಿಸುವ ಎಲ್ಲ ತಂತ್ರಾಂಶ, ವಿನ್ಯಾಸ, ಸುಧಾರಣೆಗಳು ಸಂಸ್ಥೆಗೆ ಸೇರುತ್ತವೆ. ಇಲ್ಲಿ ಹೇಳಿರುವುದು ಕೆಲಸದ ವೇಳೆಯನ್ನಲ್ಲ, ಉದ್ಯೋಗದ ಅವಧಿಯನ್ನು. ಅಂದರೆ ಭಾನುವಾರ ರಾತ್ರಿ ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ, ನಿಮ್ಮದೇ ಖುಷಿಗೆ ಬರೆದ ಪುಟ್ಟ ಪ್ರೋಗ್ರಾಂ ಕೂಡ ಈ ಬಲೆಗೆ ಬೀಳಬಹುದು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ಯೋಜನೆಯೊಂದಕ್ಕೆ ನೀವು ಅದನ್ನು ಕೊಟ್ಟರೆ, ನಿಮ್ಮದಲ್ಲದ್ದನ್ನು ದಾನ ಮಾಡಿದ ಹಾಗಾಗುತ್ತದೆ. ಹಾಗಾಗಿಯೇ ಕೆಲವು ದೊಡ್ಡ ಮುಕ್ತ ಯೋಜನೆಗಳು ಕೊಡುಗೆ ಸ್ವೀಕರಿಸುವ ಮುನ್ನ ಉದ್ಯೋಗದಾತರ ಲಿಖಿತ ಒಪ್ಪಿಗೆ ಕೇಳುತ್ತವೆ.

ಇದನ್ನು ಎಲ್ಲರಿಗಿಂತ ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಒಬ್ಬರು. 1983ರ ಸೆಪ್ಟೆಂಬರ್‌ನಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿದರು. ಯಾರು ಬೇಕಾದರೂ ಓಡಿಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ಕಾರ್ಯಾಚರಣ ವ್ಯವಸ್ಥೆಯೊಂದನ್ನು, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವನ್ನು, ಕಟ್ಟುವುದು ಅವರ ಗುರಿ. ಮರುವರ್ಷದ ಜನವರಿಯಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಎಂಐಟಿಯ ಪ್ರಯೋಗಾಲಯದ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಅಲ್ಲಿದ್ದುಕೊಂಡು ಬರೆದರೆ ಆ ಕೃತಿಯ ಮೇಲೆ ಸಂಸ್ಥೆ ಹಕ್ಕು ಸಾಧಿಸಿ, ಹಂಚಿಕೆಗೆ ತನ್ನದೇ ಷರತ್ತು ಹಾಕಬಹುದು ಎಂಬುದು ಅವರ ಆತಂಕ. ಪ್ರಯೋಗಾಲಯದ ಮುಖ್ಯಸ್ಥರು ಅಲ್ಲಿನ ಸೌಲಭ್ಯಗಳನ್ನು ಬಳಸುತ್ತಲೇ ಇರುವಂತೆ ಹೇಳಿದ್ದರಿಂದ ಅವರು ಜಾಗ ಬಿಡಬೇಕಾಗಲಿಲ್ಲ, ಸಂಬಳ ಬಿಟ್ಟರು. ಎಲ್ಲಿ ಕುಳಿತು ಕೆಲಸ ಮಾಡುತ್ತೇವೆ ಎಂಬುದಕ್ಕಿಂತ ಯಾರ ಸಂಬಳದಲ್ಲಿ ಮಾಡುತ್ತೇವೆ ಎಂಬುದು ಹೆಚ್ಚು ಮುಖ್ಯವೆಂದು ನಾನು ಹೇಳುವಾಗ ನೆನಪಿಗೆ ಬರುವುದು ಈ ರಾಜೀನಾಮೆ.

ಆಪಲ್ ಕಂಪನಿಯ ಸಹಸ್ಥಾಪಕ ಸ್ಟೀವ್ ವೋಜ್ನಿಯಾಕ್ ಹಿಡಿದ ದಾರಿ ಬೇರೆ. ಆಪಲ್‌ನ ಮೊದಲ ಕಂಪ್ಯೂಟರನ್ನು ವಿನ್ಯಾಸಗೊಳಿಸಿದಾಗ ಅವರು ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಕ್ಯಾಲ್ಕ್ಯುಲೇಟರ್ ವಿಭಾಗದಲ್ಲಿ ಉದ್ಯೋಗಿ. ಮುಚ್ಚಿಡದೆ ವಿನ್ಯಾಸವನ್ನು ಕಂಪನಿಯ ಮುಂದಿಟ್ಟರು. ಕಂಪನಿ ಬೇಡವೆಂದ ಮೇಲೆ, ಇದರ ಮೇಲೆ ನಮಗೆ ಹಕ್ಕಿಲ್ಲ ಎಂಬ ಪತ್ರವನ್ನೂ ಪಡೆದುಕೊಂಡರು. ಆ ಕಾಗದ ಇಲ್ಲದಿದ್ದರೆ ಮುಂದಿನ ಕಥೆಗೆ ತಕರಾರಿನ ನೆರಳು ಇದ್ದೇ ಇರುತ್ತಿತ್ತು. ಇಂದು ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 2870ನೇ ಕಲಂ ಇಂಥವರಿಗೆ ಒಂದಿಷ್ಟು ರಕ್ಷಣೆ ಕೊಡುತ್ತದೆ. ಸ್ವಂತ ಸಮಯದಲ್ಲಿ, ಸಂಸ್ಥೆಯ ಸಲಕರಣೆ ಬಳಸದೆ ಮಾಡಿದ ಆವಿಷ್ಕಾರವನ್ನು ಕರಾರಿನ ಮೂಲಕ ಕಿತ್ತುಕೊಳ್ಳುವಂತಿಲ್ಲ. ಆದರೆ ಅದು ಸಂಸ್ಥೆಯ ವ್ಯವಹಾರಕ್ಕೆ ಸಂಬಂಧಿಸಿದ್ದಾದರೆ ಈ ರಕ್ಷಣೆ ಸಿಗದು. ಹತ್ತಾರು ಕ್ಷೇತ್ರಗಳಲ್ಲಿ ಕೈಯಾಡಿಸುವ ದೈತ್ಯ ಕಂಪನಿಯಲ್ಲಿ ದುಡಿಯುವವರಿಗೆ ಸಂಬಂಧವಿಲ್ಲದ ವಿಷಯ ಹುಡುಕುವುದೇ ಕಷ್ಟ.

ಇನ್ನು ಪದವಿ. ಕಾಲೇಜು ಬಿಟ್ಟು ಬರುವ ಯುವಕರಿಗೆ ಹಣ ಕೊಡುವ ಯೋಜನೆಯನ್ನು ಅಮೆರಿಕದ ಹೂಡಿಕೆದಾರ ಪೀಟರ್ ಥೀಲ್ ಆರಂಭಿಸಿದಾಗ ಉತ್ಸಾಹಿಗಳು ಸಂಭ್ರಮಿಸಿದರು. ಮೊದಲ ತಂಡ ಆಯ್ಕೆಯಾದದ್ದು 2011ರಲ್ಲಿ, ತಲಾ ಒಂದು ಲಕ್ಷ ಡಾಲರ್. ಥೀಲ್ ಅವರ ಬಳಿ ಸ್ಟ್ಯಾನ್‌ಫರ್ಡ್‌ನ ವಿಶ್ವವಿದ್ಯಾಲಯದ ಎರಡು ಪದವಿಗಳಿವೆ ಎಂಬುದನ್ನೂ ಆ ಯುವಕರು ತಿಳಿದಿರಬೇಕು.

ಸ್ವಂತವಾಗಿ ಕಲಿತವರ ಮೇಲೆ ನನಗೆ ನಿಜವಾದ ಗೌರವವಿದೆ. ಅವರ ಕೈ ಓಡುತ್ತದೆ, ದೋಷ ಹುಡುಕುವ ತಾಳ್ಮೆ ಇರುತ್ತದೆ. ಆದರೆ ಅಗತ್ಯ ಬಿದ್ದದ್ದನ್ನಷ್ಟೇ ಕಲಿತವರಿಗೆ, ತಮಗೆ ಏನು ಅಗತ್ಯವಿತ್ತೆಂದೇ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಸಂದರ್ಶನದಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದೆ. 0.1 ಮತ್ತು 0.2 ಕೂಡಿಸಿ ಎಂದರೆ ಅನೇಕ ಪ್ರೋಗ್ರಾಮಿಂಗ್ ಭಾಷೆಗಳು 0.30000000000000004 ಎಂದು ತೋರಿಸುತ್ತವೆ, ಏಕೆ? ಮೂರನೇ ಒಂದು ಭಾಗ ದಶಮಾನದಲ್ಲಿ 0.333 ಎಂದು ಮುಗಿಯದೆ ಸಾಗುವಂತೆ, 0.1 ಕೂಡ ಕಂಪ್ಯೂಟರ್ ಬಳಸುವ, 0 ಮತ್ತು 1 ಮಾತ್ರ ಇರುವ ದ್ವಿಮಾನದಲ್ಲಿ ಮುಗಿಯುವುದಿಲ್ಲ. ಯಂತ್ರ ಅದನ್ನು ಎಲ್ಲೋ ಕತ್ತರಿಸಲೇಬೇಕು. ಸ್ವಯಂ ಕಲಿತವರು ಹೆಚ್ಚಾಗಿ ‘ಕೊನೆಯಲ್ಲಿ ದುಂಡಾಗಿಸಿದರೆ ಸರಿಹೋಗುತ್ತದೆ’ ಎನ್ನುತ್ತಾರೆ. ಪದವೀಧರರು ವ್ಯಾಖ್ಯಾನವನ್ನು ಒಪ್ಪಿಸುತ್ತಾರೆ. ಆದರೆ ಲೆಕ್ಕ ತಪ್ಪುತ್ತಿರುವ ಬಿಲ್ಲಿಂಗ್ ಪ್ರೋಗ್ರಾಂ ಮುಂದಿಟ್ಟರೆ ಅದೇ ದೋಷವನ್ನು ಗುರುತಿಸುವುದಿಲ್ಲ. ಹಣವನ್ನು ಪೈಸೆಯಂಥ ಅತಿ ಚಿಕ್ಕ ಘಟಕದ ಪೂರ್ಣಾಂಕವಾಗಿ ಇಡಬೇಕೆಂದು ತಾನಾಗಿಯೇ ಹೇಳುವವರಿಗೆ ಓದು ಮತ್ತು ಪೆಟ್ಟು ಎರಡೂ ಸಿಕ್ಕಿರುತ್ತವೆ.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯತೊಡಗಿದ್ದು ಹವ್ಯಾಸಕ್ಕಾಗಿ, ನಿಜ. ಆಗ ಅವರು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅವರು ನೋಡಿ ಕಲಿತ ಮಿನಿಕ್ಸ್, ಆಂಡ್ರ್ಯೂ ಟಾನೆನ್‌ಬಾಮ್ ಎಂಬ ಪ್ರಾಧ್ಯಾಪಕರು ಪಾಠಕ್ಕೆಂದೇ ರಚಿಸಿದ ವ್ಯವಸ್ಥೆ. ವೋಜ್ನಿಯಾಕ್ ಕೂಡ ಹಣ, ಹೆಸರು ಎರಡೂ ಬಂದ ಮೇಲೆ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಮರಳಿ 1986ರಲ್ಲಿ ಪದವಿ ಮುಗಿಸಿದರು. ವಿಶ್ವವಿದ್ಯಾಲಯವನ್ನು ಬೈಯುವುದು ಸುಲಭ. ಅಲ್ಲಿ ಸಿಗುವ ಓದನ್ನು ಬೇರೆ ಕಡೆಯಿಂದ ಶಿಸ್ತಾಗಿ ಗಳಿಸಿದವರು ಮಾತ್ರ ಪದವಿಯನ್ನು ಧೈರ್ಯವಾಗಿ ಬಿಡಬಹುದು.

ಮನೆಯಿಂದ ಮಾಡುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೀಲಿಮಣೆಯ ಪ್ರತಿ ಒತ್ತನ್ನೂ ದಾಖಲಿಸುವ ತಂತ್ರಾಂಶ ಹಾಕಿಕೊಂಡು ಮನೆಯಲ್ಲಿ ಕುಳಿತವರನ್ನು ಸ್ವತಂತ್ರರೆಂದು ನಾನು ಕರೆಯಲಾರೆ.

ಹೊಸ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದಿಷ್ಟು. ಸಹಿಗೆ ಮುನ್ನ ಆ ಷರತ್ತನ್ನು ಪೂರ್ತಿ ಓದಿ. ಈವರೆಗೆ ನೀವು ಬರೆದ ಸ್ವಂತ ಯೋಜನೆಗಳ ಪಟ್ಟಿಯನ್ನು ಕರಾರಿನ ಅನುಬಂಧವಾಗಿ ಸೇರಿಸಲು ಕೇಳಿ. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಸ್ವಂತ ಕೋಡ್‌ನ ಒಂದು ಸಾಲನ್ನೂ ಬರೆಯಬೇಡಿ. ಮುಕ್ತ ಯೋಜನೆಗೆ ಕೊಡುಗೆ ಕೊಡುವ ಆಸೆಯಿದ್ದರೆ, ಯೋಜನೆಯ ಹೆಸರು ಹೇಳಿ ಲಿಖಿತ ಅನುಮತಿ ಪಡೆಯಿರಿ, ಬಾಯಿಮಾತಿನ ಒಪ್ಪಿಗೆ ವ್ಯವಸ್ಥಾಪಕರು ಬದಲಾದ ದಿನವೇ ಕೆಲಸಕ್ಕೆ ಬಾರದಾಗುತ್ತದೆ. ಷರತ್ತನ್ನು ತಿದ್ದಲು ಕೇಳಿದರೆ ಕೆಲಸ ತಪ್ಪೀತೆಂದು ಹಲವರು ಹೆದರುತ್ತಾರೆ. ಮರ್ಯಾದೆಯಿಂದ ಕೇಳಿದವರಿಗೆ ಎಷ್ಟೋ ಸಂಸ್ಥೆಗಳು ಒಂದು ಸಾಲಿನ ವಿನಾಯಿತಿ ಬರೆದುಕೊಟ್ಟಿದ್ದನ್ನು ನಾನು ಕಂಡಿದ್ದೇನೆ.