‘ದೊಡ್ಡ ಉದ್ಧಾರಕ ಬಂದ!’

ತೀರ್ಥಹಳ್ಳಿ ಕಡೆಯ ಜಗಲಿಯಲ್ಲಿ ಯಾರನ್ನಾದರೂ ‘ಸಮಾಜ ಸುಧಾರಕರು’ ಎಂದರೆ ಕೇಳಿದವರು ಗಂಭೀರವಾಗಿ ತಲೆಯಾಡಿಸುತ್ತಾರೆ. ‘ದೊಡ್ಡ ಉದ್ಧಾರಕ’ ಎಂದರೆ ನಗುತ್ತಾರೆ. ಇಬ್ಬರೂ ಮಾಡುವುದು ಊರವರ ನಡತೆ ತಿದ್ದುವ ಕೆಲಸವೇ.

ಉದ್ಧಾರ ಎಂದರೆ ಮೇಲೆತ್ತುವುದು. ‘ಉತ್’ ಎಂಬ ಉಪಸರ್ಗಕ್ಕೆ ‘ಹೃ’ ಧಾತು ಸೇರಿದಾಗ ತಕಾರ ದಕಾರವಾಗಿ, ಹಕಾರ ಧಕಾರವಾಗುತ್ತದೆ. ತದ್ಧಿತ, ಪದ್ಧತಿಗಳಲ್ಲಿ ಆಗಿರುವುದೂ ಇದೇ. ಹಾಗಾಗಿ ಒತ್ತಕ್ಷರ ಮಹಾಪ್ರಾಣವೇ ಆಗಬೇಕು. ‘ಉದ್ದಾರ’ ಎಂದು ಬರೆದರೆ ತಪ್ಪು. ವ್ಯಂಗ್ಯದ ಬೀಜ ಈ ಅರ್ಥದಲ್ಲೇ ಇದೆ: ಎತ್ತುವವನು ಮೇಲೆ, ಎತ್ತಿಸಿಕೊಳ್ಳುವವನು ಕೆಳಗೆ. ದೇವರನ್ನು ಲೋಕೋದ್ಧಾರಕ ಎಂದರೆ ಯಾರದೂ ತಕರಾರಿಲ್ಲ. ಪಕ್ಕದ ಮನೆಯವನು ಆ ಎತ್ತರಕ್ಕೆ ಏರಿದರೆ ಸಹಿಸುವುದು ಕಷ್ಟ.

ಮಾತು ವ್ಯಂಗ್ಯವೋ ಅಲ್ಲವೋ ತಿಳಿಯಲು ಅಕ್ಕಪಕ್ಕದ ಪದ ನೋಡಬೇಕು. ಪದಕ್ಕೆ ಮೊದಲು ‘ದೊಡ್ಡ’, ಆಮೇಲೆ ‘ಹೊರಟಿದ್ದಾನೆ’ ಇದ್ದರೆ ಬಹುಪಾಲು ಚುಚ್ಚುಮಾತು: ‘ಊರು ಉದ್ಧಾರ ಮಾಡಕ್ಕೆ ಹೊರಟಿದ್ದಾನೆ’. ಕೆಲಸ ಇನ್ನೂ ಆಗಿಲ್ಲ, ಹೊರಟದ್ದಷ್ಟೇ! ‘ಉದ್ಧಾರ ಆದ ಹಾಗೇ’ ಎಂಬುದಂತೂ ನೇರ ಬೈಗುಳ. ಬರಹದಲ್ಲಿ ದನಿಯ ಎಳೆತ ಕಾಣದು. ಅದಕ್ಕೇ ಹೊಗಳಲು ಈ ಪದ ಬಳಸಿದ ಸನ್ಮಾನಪತ್ರ ಓದುವವರ ಬಾಯಲ್ಲಿ ಎಡವುವುದುಂಟು.

ಸುಧಾರಕ ಸಂಸ್ಕೃತದ ‘ಸು’ ಮತ್ತು ‘ಧಾರಕ’ ಸೇರಿ ಆದಂತೆ ಕಂಡರೂ ಹಾಗಲ್ಲ, ಸುಧೆಗೂ ಅದಕ್ಕೂ ನಂಟಿಲ್ಲ. ಹಿಂದಿ, ಮರಾಠಿಗಳಲ್ಲಿ ಬಳಕೆಯಲ್ಲಿರುವ ‘ಸುಧಾರ್’ ಅದರ ಬುಡ. ಅದರ ಹಿಂದಿರುವುದು ‘ಶುದ್ಧ’. ಮಹಾರಾಷ್ಟ್ರದ ಸಮಾಜ ಸುಧಾರಕ ಗೋಪಾಲ ಗಣೇಶ ಆಗರ್ಕರ್ 1888ರಲ್ಲಿ ಪುಣೆಯಲ್ಲಿ ಆರಂಭಿಸಿದ ಪತ್ರಿಕೆಯ ಹೆಸರೇ ‘ಸುಧಾರಕ’. ಮಲೆನಾಡಿನ ಮನೆಗಳಲ್ಲಿ ಇದರ ಕ್ರಿಯಾಪದ ತೀರಾ ಸೌಮ್ಯ. ಬಿಸಿಲಲ್ಲಿ ಬಂದವರಿಗೆ ನೀರು, ಬೆಲ್ಲ ಕೊಟ್ಟು ‘ಸುಧಾರಿಸ್ಕಳಿ’ ಎನ್ನುತ್ತಾರೆ. ‘ಕೊಳ್ಳು’ ಸೇರಿದ್ದರಿಂದ ಸುಧಾರಣೆ ಅವರವರದೇ ಕೆಲಸವಾಯಿತು, ಮೇಲೆ ಕೆಳಗೆ ಎಂಬುದಿಲ್ಲ. ಪದಕ್ಕೆ ಮರ್ಯಾದೆ ಉಳಿದದ್ದು ಇದರಿಂದಲೂ ಇರಬಹುದು.

ಇನ್ನೊಂದು ಗೆರೆಯನ್ನೂ ಭಾಷೆ ಎಳೆದಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಕೊಳಗದ ಅಳತೆಯ ವಿಚಾರವಾಗಿ ಎದ್ದ ಗೇಣಿದಾರರನ್ನು ಸುಧಾರಕರು ಎನ್ನುವುದಿಲ್ಲ, ಹೋರಾಟಗಾರರು ಎನ್ನುತ್ತೇವೆ. ಅವರು ತಿದ್ದಲು ಹೊರಟದ್ದು ನೆರೆಯವನ ನಡತೆಯನ್ನಲ್ಲ, ಭತ್ತ ಅಳೆಯುವ ಕೊಳಗವನ್ನು.