ಕೊಳವೆಬಾವಿಯ ಕಾನೂನು: ಕೊರೆಯುವುದಕ್ಕೆ ಅನುಮತಿ, ಎತ್ತುವುದಕ್ಕೆ ಲೆಕ್ಕವಿಲ್ಲ

ಅಂತರ್ಜಲದ ಕಾನೂನನ್ನು ಓದುವವರು 1882ರ ಭಾರತೀಯ ಈಸ್‌ಮೆಂಟ್ (ಇನ್ನೊಬ್ಬರ ಜಮೀನಿನ ಮೇಲಿನ ಬಳಕೆಯ ಹಕ್ಕು) ಕಾಯ್ದೆಯಿಂದ ಆರಂಭಿಸುವುದು ಒಳ್ಳೆಯದು. ನಿರ್ದಿಷ್ಟ ಪಾತ್ರದಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಜಮೀನಿನ ಎಲ್ಲೆಯೊಳಗೆ ಸಂಗ್ರಹಿಸಿಕೊಳ್ಳುವ ಹಕ್ಕು ಭೂಮಾಲೀಕನಿಗಿದೆ ಎಂದು ಅದರ 7ನೇ ಕಲಮು ಹೇಳುತ್ತದೆ. ಕಪಿಲೆ ಹೊಡೆದು ನೀರೆತ್ತುತ್ತಿದ್ದ ಕಾಲದಲ್ಲಿ ಎತ್ತುಗಳ ದಣಿವೇ ಆ ಹಕ್ಕಿನ ಮಿತಿಯಾಗಿತ್ತು. ಸಬ್‌ಮರ್ಸಿಬಲ್ ಮೋಟಾರು ಬಂದ ಮೇಲೆ ಆ ಮಿತಿ ಹೋಯಿತು, ಹಕ್ಕು ಮಾತ್ರ ಉಳಿಯಿತು. ಭೂಮಿಯಿಲ್ಲದ ಕೂಲಿಕಾರನಿಗೆ ಇದರಲ್ಲಿ ಪಾಲೇ ಇಲ್ಲವೆಂಬುದನ್ನು ನಾವು ಮರೆಯಬಾರದು.

ಸಂವಿಧಾನದಲ್ಲಿ ನೀರು ರಾಜ್ಯಪಟ್ಟಿಯ, ಅಂದರೆ ರಾಜ್ಯಗಳು ಕಾನೂನು ಮಾಡಬಹುದಾದ ವಿಷಯ. ಕರ್ನಾಟಕವು 1999ರ ಕಾಯ್ದೆಯಲ್ಲಿ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವುದನ್ನು ನಿಷೇಧಿಸಿತು. 2011ರ ಕಾಯ್ದೆಯು ಅಂತರ್ಜಲ ಪ್ರಾಧಿಕಾರವನ್ನು ರಚಿಸಿ, ಅಧಿಸೂಚಿತ (ಸರ್ಕಾರ ಪ್ರಕಟಣೆ ಹೊರಡಿಸಿ ಗುರುತಿಸಿದ) ಪ್ರದೇಶಗಳಲ್ಲಿ ಹೊಸ ಬಾವಿಗೆ ಅನುಮತಿಯನ್ನೂ ಹಳೆಯ ಬಾವಿಗೆ ನೋಂದಣಿಯನ್ನೂ ಕಡ್ಡಾಯಗೊಳಿಸಿತು.

ಅಂತರ್ಜಲದ ಅತಿಬಳಕೆಗೆ ಹೆಸರಾದ ಕೋಲಾರದ ಕಡೆ ಬೋರ್ ಕೊರೆಸುವ ರಾತ್ರಿಯನ್ನು ಕಂಡವರಿಗೆ ಈ ಅನುಮತಿಯ ಬಲ ಎಷ್ಟೆಂಬುದು ತಿಳಿಯುತ್ತದೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡಿದ ಜಾಗದಲ್ಲಿ ರಿಗ್ ಲಾರಿ ನಿಲ್ಲುತ್ತದೆ. ಮೇಲಿನ ಮಣ್ಣು ಕುಸಿಯದಂತೆ ಹಾಕುವ ಕೇಸಿಂಗ್ ಕೊಳವೆ ಇಳಿದ ನಂತರ ಬರೀ ಬೂದುಬಣ್ಣದ ಕಲ್ಲುಪುಡಿ ಮೇಲೆದ್ದು ಬರುತ್ತಿರುತ್ತದೆ. ಅಡಿಗೆ ಇಷ್ಟು ಎಂದು ದರ ಏರುತ್ತಿದ್ದರೂ, ಪುಡಿ ಒದ್ದೆಯಾದೀತೆಂದು ಮನೆಯವರೆಲ್ಲ ಅದನ್ನೇ ನೋಡುತ್ತಾ ನಿಂತಿರುತ್ತಾರೆ. ಸಾವಿರ ಅಡಿ ದಾಟುವುದು ಅಲ್ಲಿ ಸಾಮಾನ್ಯ. ಗಟ್ಟಿ ಶಿಲೆಯ ಬಿರುಕುಗಳಲ್ಲಷ್ಟೇ ನೀರಿರುವುದರಿಂದ, ಒಬ್ಬರಿಗೆ ಎರಡಿಂಚು ಸಿಕ್ಕಿದರೆ ಪಕ್ಕದ ಹೊಲದ ಬೋರು ಬತ್ತಬಹುದು. ಸಾಲ ಮಾಡಿದ ಕುಟುಂಬವನ್ನು ಅಪರಾಧಿಯೆಂದು ಕಾಣುವುದು ನನ್ನಿಂದಾಗದು.

ಅನುಮತಿಯ ನಿಯಮವು ಬಾವಿಗಳ ಸಂಖ್ಯೆಯನ್ನು ತಡೆಯಬಹುದೇ ಹೊರತು ಪ್ರತಿದಿನ ಎಷ್ಟು ನೀರು ಮೇಲೆ ಬರುತ್ತದೆ ಎಂಬುದನ್ನಲ್ಲ. ಅದನ್ನು ನಿರ್ಧರಿಸುವುದು ಪಂಪ್ ಓಡಿಸುವ ತ್ರೀಫೇಸ್ ಕರೆಂಟ್ ಇರುವ ಗಂಟೆಗಳು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ರಾಜ್ಯದಲ್ಲಿ ವಿದ್ಯುತ್ ಉಚಿತವಾಗಿರುವುದರಿಂದ ನೀರನ್ನು ಮಿತವಾಗಿ ಎತ್ತಲು ಹಣದ ಕಾರಣವೂ ಇಲ್ಲ. ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿಯೂ ಕೃಷಿ ಬಳಕೆಗೆ ನಿರಾಕ್ಷೇಪಣಾ ಪತ್ರದಿಂದ ವಿನಾಯಿತಿ ಕೊಟ್ಟಿದೆ.

ಇದಕ್ಕೆ ಹೋಲಿಸಿ ಓದಬೇಕಾದ ಊರು ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಜಾರ್. ನೀರಾವರಿಗೆ ಕೊಳವೆಬಾವಿಯನ್ನೇ ಬೇಡವೆಂದ ಅಲ್ಲಿನ ಗ್ರಾಮಸಭೆಯು ಪ್ರತಿವರ್ಷ ಬಿದ್ದ ಮಳೆಯ ಲೆಕ್ಕ ಹಾಕಿ, ಕುಡಿಯುವ ನೀರನ್ನು ಮೊದಲು ತೆಗೆದಿರಿಸಿ, ಉಳಿದದ್ದರಲ್ಲಿ ಯಾವ ಬೆಳೆ ಇಡಬಹುದೆಂಬುದನ್ನು ಎಲ್ಲರೂ ಕುಳಿತು ತೀರ್ಮಾನಿಸುತ್ತದೆ.