ತಿರುವಿನ ಹಳಿಗೆ ನೇರ ಗರ್ಡರ್

ದಾವಣಗೆರೆಯ ನಮ್ಮ ಮಾಡೆಲ್ ರೈಲು ಗುಂಪಿಗೆ ಹೊಸದಾಗಿ ಸೇರಿದವರಿಗೆ ಈ ಟಿಪ್ಪಣಿ. ಲೆಕ್ಕವೆಲ್ಲ ಎಚ್‌ಒ ಅಳತೆಯದು. ಅಂದರೆ 1:87 (ನಿಜದ 87ರಲ್ಲಿ ಒಂದು ಪಾಲು), ಎರಡು ಹಳಿಗಳ ನಡುವೆ 16.5 ಮಿ.ಮೀ. ತಿರುವಿನ ತ್ರಿಜ್ಯ 600 ಮಿ.ಮೀ. ಅಂತ ಇಟ್ಟುಕೊಳ್ಳೋಣ.

ತಿರುವಿನಲ್ಲಿ ಸೇತುವೆ ಅಂದ ಕೂಡಲೇ ಗರ್ಡರನ್ನೇ, ಅಂದರೆ ಪಿಲ್ಲರಿಂದ ಪಿಲ್ಲರಿಗೆ ಹಾಯುವ ತೊಲೆಯನ್ನೇ, ಬಗ್ಗಿಸಬೇಕು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಬೇಕಿಲ್ಲ. ನಿಜವಾದ ರೈಲ್ವೆಯಲ್ಲೂ ಉಕ್ಕಿನ ಗರ್ಡರ್ ಸಾಮಾನ್ಯವಾಗಿ ನೇರವಾಗಿಯೇ ಇರುತ್ತದೆ. ಪ್ರತಿ ಪಿಲ್ಲರ್ ಹತ್ತಿರ ಸಾಲು ಸ್ವಲ್ಪ ದಿಕ್ಕು ಬದಲಿಸುತ್ತದೆ, ಅಷ್ಟೇ. ಬಾಗುವುದು ಮೇಲಿನ ಹಳಿ ಮಾತ್ರ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲು ತಿರುವಿನ ಸೇತುವೆ ದಾಟುವಾಗ ಕಿಟಕಿಯಿಂದ ಗಮನಿಸಿ ನೋಡಿ.

ಹಾಗಾದರೆ ಒಂದು ಗರ್ಡರ್ ಎಷ್ಟು ಉದ್ದ ಇರಬಹುದು? ಇಲ್ಲೇ ಇರುವುದು ಮುಖ್ಯ ಲೆಕ್ಕ. ಗರ್ಡರ್ ಉದ್ದವನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ತ್ರಿಜ್ಯದ 8 ಪಟ್ಟಿನಿಂದ ಭಾಗಿಸಿ. ಗರ್ಡರಿನ ನಟ್ಟನಡುವೆ ಹಳಿ ಎಷ್ಟು ಹೊರಕ್ಕೆ ಉಬ್ಬುತ್ತದೆ ಅನ್ನುವುದು ಸಿಗುತ್ತದೆ. 300 ಮಿ.ಮೀ. ಗರ್ಡರ್ ಆದರೆ 90,000 ಭಾಗಿಸು 4,800, ಅಂದರೆ 18.75 ಮಿ.ಮೀ. ಹಳಿಗಳ ನಡುವಿನ ಅಂತರಕ್ಕಿಂತಲೂ ಜಾಸ್ತಿ ಆಯಿತಲ್ವಾ? ನೋಡಿದವರಿಗೆ ರೈಲು ಸೇತುವೆಯಿಂದ ಜಾರಿದ ಹಾಗೆ ಕಾಣುತ್ತದೆ. 150 ಮಿ.ಮೀ. ತಗೊಂಡರೆ ಉಬ್ಬು ಬರೀ 4.7. ಉದ್ದ ಅರ್ಧಕ್ಕೆ ಇಳಿದರೆ ಉಬ್ಬು ಕಾಲು ಭಾಗಕ್ಕೆ ಇಳಿಯುತ್ತದೆ. ಆ 4.7ನ್ನೂ ಎರಡು ಪಾಲು ಮಾಡಬಹುದು. ಹಳಿ ನಡುವೆ 2.35 ಹೊರಗೆ, ತುದಿಗಳಲ್ಲಿ 2.35 ಒಳಗೆ ಬರುವಂತೆ ಗರ್ಡರನ್ನು ಕೂರಿಸಿ. ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ನಮಗೆ ಈ ತಲೆನೋವು ಜಾಸ್ತಿ ಯಾಕೆ ಅಂದರೆ ನಮ್ಮ ತಿರುವು ತೀರಾ ಬಿಗಿ. ಭಾರತದ ಬ್ರಾಡ್ ಗೇಜಿನಲ್ಲಿ ಅತಿ ಬಿಗಿಯಾದ ತಿರುವಿಗೂ ಒಂದು ಮಿತಿ ಇದೆ. ಅದರ ತ್ರಿಜ್ಯ 175 ಮೀಟರ್. ಮಾಡೆಲ್‌ನಲ್ಲಿ ಅದು 2 ಮೀಟರ್ ಆಗುತ್ತದೆ. ಸ್ವಿಟ್ಜರ್ಲೆಂಡಿನ ಲಾಂಡ್‌ವಾಸರ್ ಕಲ್ಲುಸೇತುವೆ ಮೀಟರ್ ಗೇಜಿನದು, 100 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಅದೂ ಮಾಡೆಲ್‌ನಲ್ಲಿ 1.15 ಮೀಟರ್ ಬೇಡುತ್ತದೆ. ಅಲ್ಲಿ 20 ಮೀಟರಿನ ಆರು ಕಮಾನುಗಳಿವೆ. ಅಂಥ ತಿರುವಿಗೂ ತುಂಡು ಗಿಡ್ಡವಾಗಿಯೇ ಇದೆ ನೋಡಿ. ನಮ್ಮ 600 ಮಿ.ಮೀ. ಅಂದರೆ ನಿಜದಲ್ಲಿ 52 ಮೀಟರ್.

ಇನ್ನು ಗರ್ಡರ್ ಹಳಿಯ ಕೆಳಗಿರಬೇಕೋ ಪಕ್ಕದಲ್ಲೋ? ಕೆಳಗೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಚೆನ್ನೈನ ಐಸಿಎಫ್ ಕಾರ್ಖಾನೆಯ ಮಾದರಿಯ ಬೋಗಿಯ ಉದ್ದ 21.337 ಮೀಟರ್. ಅದರ ಅಡಿಯಲ್ಲಿ ಚಕ್ರಗಳನ್ನು ಹೊತ್ತ ಎರಡು ಟ್ರಾಲಿಗಳ ಕೇಂದ್ರಗಳ ನಡುವೆ 14.783 ಮೀಟರ್. ಮಾಡೆಲ್‌ನಲ್ಲಿ 245 ಮತ್ತು 170 ಮಿ.ಮೀ. ತಿರುವಿನಲ್ಲಿ ಬೋಗಿಯ ನಡುಭಾಗ ಸುಮಾರು 6 ಮಿ.ಮೀ. ಒಳಕ್ಕೆ ಚಾಚುತ್ತದೆ. ಮೂಲೆಗಳು ಆರೂವರೆ ಹೊರಕ್ಕೆ ಚಾಚುತ್ತವೆ. ನೇರ ಹಳಿಯಲ್ಲಿ ಪಕ್ಕದ ಗರ್ಡರ್‌ಗಳ ನಡುವೆ 43 ಮಿ.ಮೀ. ಜಾಗ ಸಾಕಿತ್ತು. ಈ ಎರಡು ಚಾಚಿಗೆ ಹಳಿಯ 4.7 ಉಬ್ಬೂ ಸೇರಿ ಇಲ್ಲಿ 60 ಬೇಕಾಗುತ್ತದೆ. ಅಷ್ಟು ಅಗಲ ಮಾಡಿದರೆ ಸೇತುವೆಯ ಅಂದವೇ ಕೆಡುತ್ತದೆ. ಗರ್ಡರ್ ಕೆಳಗಿದ್ದರೆ ಈ ತಾಪತ್ರಯವೇ ಇಲ್ಲ.

ಕಟ್ಟುವಾಗ ಮೊದಲು ಹಳಿ, ಆಮೇಲೆ ಸೇತುವೆ. ಒಂದು ಮರದ ಪಟ್ಟಿಗೆ ಮೊಳೆ ಹೊಡೆದು, 600 ಮಿ.ಮೀ. ದೂರದಲ್ಲಿ ಪೆನ್ಸಿಲ್ ಕಟ್ಟಿ ಪ್ಲೈವುಡ್ ಮೇಲೆ ತಿರುವು ಎಳೆಯಿರಿ. ಹಳಿ ಹಾಕಿ ಇರುವುದರಲ್ಲೇ ಉದ್ದದ ಬೋಗಿ ಓಡಿಸಿ. ಎಲ್ಲ ಸರಿ ಅನ್ನಿಸಿದ ಮೇಲೆ ಹಳಿಯ ಅಡಿಯ ಪಟ್ಟಿಯನ್ನು ಬಾಗಿದ ಆಕಾರದಲ್ಲೇ ಉಳಿಸಿಕೊಂಡು ಅಕ್ಕಪಕ್ಕದ ಪ್ಲೈವುಡ್ ಕತ್ತರಿಸಿ ತೆಗೆಯಿರಿ. ಭಾರ ಹೊರುವುದು ಆ ಪಟ್ಟಿ. ಗರ್ಡರ್ ಬರೀ ತೋರಿಕೆಗೆ. ಹಾಗಾಗಿ ಸನ್‌ಬೋರ್ಡ್ (ಹಗುರವಾದ ಫೋಮ್ ಹಾಳೆ) ಸಾಕು, ಪ್ರಾಜೆಕ್ಟ್ ಸಾಮಾನು ಮಾರುವ ಸ್ಟೇಷನರಿ ಅಂಗಡಿಯಲ್ಲಿ ಕೇಳಿ. ಮೇಲೆ ಅಂಟಿಸುವ ಕಾರ್ಡ್‌ಶೀಟ್ ಪಟ್ಟಿಗೆ ಖಾಲಿ ರೀಫಿಲ್ ತುದಿಯಿಂದ ಹಿಂದಿನಿಂದ ಒತ್ತಿದರೆ ಮುಂದೆ ರಿವೆಟ್ ಎದ್ದು ನಿಲ್ಲುತ್ತದೆ. ತೆಳುವಾಗಿ ಬೂದು ಬಣ್ಣ ಹೊಡೆದರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಪಿಲ್ಲರ್‌ಗಳನ್ನು ತಿರುವಿನ ಕೇಂದ್ರಕ್ಕೆ ನೇರ ಮಾಡಿ ನಿಲ್ಲಿಸಿ. ಆ ಪಟ್ಟಿ-ಮೊಳೆ ಇನ್ನೂ ಅಲ್ಲೇ ಇದ್ದರೆ ಅದನ್ನೇ ತಿರುಗಿಸಿ ಗೆರೆ ಹಾಕಿಕೊಳ್ಳಬಹುದು. ಹಳಿಯ ಕೆಳಗೆ 150 ಮಿ.ಮೀ. ಉದ್ದದ ಜೋಡಿ ಗರ್ಡರ್ ಇಟ್ಟು, ಅವುಗಳ ನಡುವೆ 30 ಮಿ.ಮೀ. ಇದ್ದರೆ ಹೊರಗಿನದು ಒಳಗಿನದಕ್ಕಿಂತ ಏಳೂವರೆ ಮಿ.ಮೀ. ಉದ್ದ ಬೇಕು. ಎರಡನ್ನೂ ಸಮ ಕತ್ತರಿಸಿದರೆ ಹೊರಬದಿಯಲ್ಲಿ ಪಿಲ್ಲರ್ ಮೇಲೆ ಸಂದು ಬಾಯಿ ಬಿಟ್ಟುಕೊಳ್ಳುತ್ತದೆ.

ಸೇತುವೆ ಮೇಲೆ ಹಳಿಯ ಜಾಯಿಂಟ್ ಬರದಂತೆ ನೋಡಿಕೊಳ್ಳಿ. 60 ಡಿಗ್ರಿ ತಿರುವಿಗೆ ಬೇಕಾದ್ದು 628 ಮಿ.ಮೀ. ಹಳಿ. 914 ಮಿ.ಮೀ. ಬರುವ ಫ್ಲೆಕ್ಸ್ ಟ್ರ್ಯಾಕ್ (ಬೇಕಾದ ಹಾಗೆ ಬಗ್ಗಿಸಬಹುದಾದ ಹಳಿ) ಒಂದೇ ತುಂಡು ಸಾಕು. ಬಗ್ಗಿಸಿದಾಗ ಒಳಗಿನ ಹಳಿ 17 ಮಿ.ಮೀ. ಮುಂದಕ್ಕೆ ಚಾಚಿಕೊಳ್ಳುತ್ತದೆ. ಅದನ್ನು ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ, ಆಮೇಲೆ ಜೋಡಿಸಿ.